ನಿಮ್ಮೂರ ಸುಗ್ಗಿಗೆ ಪೇಟೆಯವರನ್ನು ಕರೆಯುವುದು ಹೇಗೆ?

ಮೊದಲ ವರ್ಷ ನಾವು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಪಾಂಡವಪುರ ತಾಲ್ಲೂಕಿನ ನಮ್ಮೂರಿಗೆ ಸಂಕ್ರಾಂತಿ ನೋಡಲು ಬನ್ನಿ ಅಂತ ಮೈಸೂರು, ಬೆಂಗಳೂರಿನ ಒಂದಷ್ಟು ಜನರನ್ನು ಕರೆದಿದ್ದೆವು. ಶಾಲೆ ಮೈದಾನದಲ್ಲಿ ಶಾಮಿಯಾನ ಹಾಕಿಸಿ, ವೇದಿಕೆ ಕಟ್ಟಿಸಿ, ಹನ್ನೆರಡು ಜನ ಗಣ್ಯರನ್ನು ಸಾಲಾಗಿ ಕೂರಿಸಿದೆವು. ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಮೈಸೂರು ಪೇಟ. ಮಧ್ಯಾಹ್ನ ಒಂದೂವರೆ ಆದರೂ ಭಾಷಣ ಮುಗಿಯಲಿಲ್ಲ. ತಿರುಗಿ ನೋಡಿದರೆ ಬಂದವರ ಕುರ್ಚಿಗಳೆಲ್ಲ ಖಾಲಿ!

ಎಲ್ಲಿಗೆ ಹೋಗಿದ್ದರು ಗೊತ್ತಾ? ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಬಂದವರೆಲ್ಲ ಅವರ ಸುತ್ತ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಕಾಳು ಹಿತುಕಿದರೆ ಬೇಳೆ ಪುಸಕ್ ಅಂತ ಎದುರಿಗಿದ್ದವರ ಮುಖಕ್ಕೆ ಹಾರುತ್ತಿತ್ತು. ನಗುವೋ ನಗು. ಅಜ್ಜಿಗೂ ಖುಷಿ, ಎರಡು ಸೇರು ಕಾಳು ಬಿಟ್ಟಿಯಾಗಿ ಹಿತುಕಿಸಿಕೊಂಡಿದ್ದರು.

ಶಾಮಿಯಾನದ ಬಾಡಿಗೆ ಲೆಕ್ಕ ಹಾಕಿದಾಗ ನಮಗೆ ವಿಷಯ ಅರ್ಥ ಆಯಿತು. ಪೇಟೆಯವರು ನೋಡಲು ಬಂದಿದ್ದು ನಾವು ಅವರಿಗಾಗಿ ಕಟ್ಟಿದ್ದನ್ನಲ್ಲ. ನಾವು ಹೇಗೂ ಮಾಡುತ್ತಿದ್ದುದನ್ನು. ಅಲ್ಲಿಂದ ಮುಂದೆ ಪ್ರತಿ ವರ್ಷ ಒಂದೊಂದೇ ತಿದ್ದಿಕೊಂಡು ಬಂದಿದ್ದೇವೆ. ಮಂಡ್ಯ, ಮೈಸೂರು ಕಡೆಯ ಬೇರೆ ಊರಿನವರೂ ಈಗ ಕೇಳುತ್ತಾರೆ, 'ನಮ್ಮಲ್ಲೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?' ಅಂತ. ಅವರಿಗಾಗಿ ಇದು.

1. ಮೊದಲು ಅರಳಿಕಟ್ಟೆಗೆ, ಆಮೇಲೆ ಫೇಸ್‌ಬುಕ್‌ಗೆ

ಊರಿನ ನಾಲ್ಕು ಹುಡುಗರು ಸೇರಿ ಪೋಸ್ಟರ್ ಮಾಡಿ ವಾಟ್ಸ್ಆ್ಯಪ್‌ಗೆ ಬಿಟ್ಟುಬಿಡುವುದು ಸುಲಭ. ಹಾಗೆ ಮಾಡಬೇಡಿ. ಹೊರಗಿನವರು ಬಂದು ನಿಲ್ಲುವುದು ಊರಿನ ಬೀದಿಯಲ್ಲಿ. ಅವರು ಮೂಗು ತೂರಿಸುವುದು ಊರಿನವರ ಹಟ್ಟಿಗೆ, ಕೊಟ್ಟಿಗೆಗೆ. ಹಾಗಾಗಿ ಮೂರು ತಿಂಗಳ ಮುಂಚೆ, ಅಂದರೆ ದಸರಾ ಕಳೆದ ಕೂಡಲೇ, ಅರಳಿಕಟ್ಟೆ ಹತ್ತಿರ ಊರಿನವರನ್ನೆಲ್ಲ ಸೇರಿಸಿ.

ಸಭೆಗೆ ಯಜಮಾನರು, ಪಂಚಾಯಿತಿ ಸದಸ್ಯರು ಬಂದರೆ ಸಾಲದು. ಸ್ತ್ರೀಶಕ್ತಿ ಸಂಘದ ಹೆಂಗಸರು ಬರಲೇಬೇಕು, ಯಾಕೆಂದರೆ ಅಡುಗೆ, ಹಾಸಿಗೆ, ಬಿಸಿನೀರು ಎಲ್ಲ ಬೀಳುವುದು ಅವರ ತಲೆ ಮೇಲೆ. ನಮ್ಮ ಮೊದಲ ಸಭೆಯಲ್ಲಿ ಗಂಡಸರೆಲ್ಲ 'ಮನೆಗೆ ಹತ್ತು ಜನ ಬರಲಿ, ನೋಡ್ಕೋತೀವಿ' ಅಂದರು. ಒಬ್ಬಕ್ಕ ಎದ್ದು ನಿಂತು ಕೇಳಿದರು: 'ನೋಡ್ಕಳೋರು ಯಾರು, ನೀವಾ ನಾವಾ?' ಅಲ್ಲಿಗೆ ಹತ್ತು ಇದ್ದಿದ್ದು ನಾಲ್ಕಕ್ಕೆ ಇಳಿಯಿತು.

ಇನ್ನೊಂದು ಮಾತು, ಸ್ವಲ್ಪ ಕಸಿವಿಸಿ ಆದರೂ ಹೇಳಲೇಬೇಕು. ನಮ್ಮ ಊರುಗಳಲ್ಲಿ ತಮಟೆ ಬಡಿಯುವವರು ಒಂದು ಕೇರಿಯವರು, ಪೂಜಾ ಕುಣಿತದಲ್ಲಿ ದೇವಿಯ ಚೌಕಟ್ಟು ಹೊರುವವರು ಇನ್ನೊಂದು ಬೀದಿಯವರು. ತಮಟೆ ಇಲ್ಲದೆ ಯಾವ ಹಬ್ಬವೂ ಹೊರಡುವುದಿಲ್ಲ. ಆದರೆ ಊಟದ ಹೊತ್ತಿಗೆ ತಮಟೆಯವರು ಎಲ್ಲಿ ಕೂರುತ್ತಾರೆ? ಈ ಪ್ರಶ್ನೆಗೆ ಮೊದಲ ಸಭೆಯಲ್ಲೇ ಉತ್ತರ ಆಗಬೇಕು. ಎಲ್ಲರೂ ಒಂದೇ ಪಂಕ್ತಿ, ಕಲಾವಿದರಿಗೆಲ್ಲ ಒಂದೇ ಸಂಭಾವನೆ, ಅತಿಥಿ ಮನೆಗಳ ಪಟ್ಟಿಯಲ್ಲಿ ಎಲ್ಲ ಕೇರಿಗಳ ಮನೆಗಳೂ ಇರಬೇಕು. ಇದಕ್ಕೆ ಊರು ಒಪ್ಪದಿದ್ದರೆ ಆ ವರ್ಷ ಬೇಡ. ಬಂದವರು ಕುರುಡರಲ್ಲ, ಅವರಿಗೂ ಇದೆಲ್ಲ ಕಾಣುತ್ತದೆ.

ಸಭೆಯಲ್ಲಿ ಏಳು ಜನರ ಸಮಿತಿ ಮಾಡಿ. ಅಧ್ಯಕ್ಷ, ಉಪಾಧ್ಯಕ್ಷ ಅಂತ ಹುದ್ದೆ ಹಂಚಿದರೆ ಅದರ ಹಿಂದೆಯೇ ಹಾರ ತುರಾಯಿ ಬರುತ್ತದೆ. ಅದರ ಬದಲು ಕೆಲಸದ ಹೆಸರು ಕೊಡಿ. ಊಟದವರು, ನೀರಿನವರು, ವಾಹನ ನಿಲ್ಲಿಸುವವರು, ದುಡ್ಡಿನವರು.

2. ದಿನ ಯಾವುದು?

ನನ್ನ ಕೇಳಿದರೆ ಸಂಕ್ರಾಂತಿಗಿಂತ ಒಳ್ಳೆಯ ದಿನ ಇಲ್ಲ. ಜನವರಿ 14 ಅಥವಾ 15ಕ್ಕೆ ಬರುತ್ತದೆ, ಹಾಗಾಗಿ ಪೇಟೆಯವರಿಗೆ ಮುಂಚೆಯೇ ರಜೆ ಹಾಕಿಕೊಳ್ಳಲು ಸುಲಭ. ಮಳೆ ಇಲ್ಲ, ಸೆಕೆ ಇಲ್ಲ. ಭತ್ತದ ಕೊಯ್ಲು ಆಗಿರುತ್ತದೆ, ಬೆಲ್ಲ ಕಾಯಿಸುವ ಆಲೆಮನೆಗಳಲ್ಲಿ ಹೊಗೆ ಏಳುತ್ತಿರುತ್ತದೆ, ಸೊಗಡಿನ ಅವರೆಕಾಯಿ ಸಂತೆ ತುಂಬ ಇರುತ್ತದೆ. ಸಂಜೆಗೆ ದನಗಳನ್ನು ಹುಲ್ಲಿನ ಬೆಂಕಿ ದಾಟಿಸುವ ಕಿಚ್ಚು ಹಾಯಿಸುವುದು ಹೇಗೂ ಇದ್ದೇ ಇದೆ.

ಊರ ಮಾರಿಹಬ್ಬವನ್ನೇ ಯಾಕೆ ಮಾಡಬಾರದು ಅಂತ ಕೆಲವರು ಕೇಳುತ್ತಾರೆ. ಬೇಡ ಅನ್ನುತ್ತೇನೆ. ಮಾರಿಹಬ್ಬದಲ್ಲಿ ಊರಿನ ಹೆಣ್ಣುಮಕ್ಕಳು, ಅಳಿಯಂದಿರು, ನೆಂಟರೆಲ್ಲ ಬಂದಿರುತ್ತಾರೆ. ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದು ಊರಿನವರ ಹಬ್ಬ, ಅವರಿಗೇ ಇರಲಿ.

ದೊಡ್ಡ ಜಾತ್ರೆಗಳ ಜೊತೆ ಪೈಪೋಟಿಗೂ ಹೋಗಬೇಡಿ. ಮೇಲುಕೋಟೆ ವೈರಮುಡಿ, ಸುತ್ತೂರು ಜಾತ್ರೆ, ಚುಂಚನಕಟ್ಟೆ ದನಗಳ ಜಾತ್ರೆ ಇವೆಲ್ಲ ಸಾವಿರಾರು ಜನರನ್ನು ತಡೆದುಕೊಳ್ಳುವ ಹಾಗೆ ವರ್ಷಗಳಿಂದ ಪಳಗಿರುವಂಥವು. ದಸರೆಯನ್ನೇ ನೋಡಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ಹಬ್ಬ ಅದು. ಈಗ ಅದರೊಳಗೇ ರೈತ ದಸರಾ, ಯುವ ದಸರಾ ಅಂತ ಎಷ್ಟೊಂದು ಕವಲು. ಆದರೂ ದಸರೆಗೆ ಬಂದವರು ಅರಮನೆ, ದೀಪಾಲಂಕಾರ, ಜಂಬೂಸವಾರಿ ನೋಡಿಕೊಂಡು ವಾಪಸ್ ಹೊರಡುತ್ತಾರೆ. ಇಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಗೆ ಅವರಿಂದ ಒಂದು ಟೀ ವ್ಯಾಪಾರವೂ ಆಗುವುದಿಲ್ಲ.

3. ಎಷ್ಟು ಜನ? ಕಕ್ಕಸು ಎಣಿಸಿ

ಹಾಸಿಗೆ ಎಣಿಸಬೇಡಿ, ಕಕ್ಕಸು ಎಣಿಸಿ. ನಿಜವಾಗಿ ಹೇಳುತ್ತಿದ್ದೇನೆ. ಚಾಪೆ ಎಲ್ಲಿಂದಲಾದರೂ ತರಬಹುದು. ಬೆಳಿಗ್ಗೆ ಆರು ಗಂಟೆಗೆ ಒಂದು ಕಕ್ಕಸಿನ ಮುಂದೆ ಎಂಟು ಜನ ನಿಂತರೆ ನಿಮ್ಮ ಮೂರು ತಿಂಗಳ ಕೆಲಸ ನೀರಿನಲ್ಲಿ ಹೋಮ. ನಮ್ಮ ಲೆಕ್ಕ ಹೀಗೆ: ಮನೆಯಲ್ಲಿ ಬಾಗಿಲು ಭದ್ರವಾಗಿ ಹಾಕಿಕೊಳ್ಳುವಂಥ, ನೀರು ಬರುವ ಒಂದು ಕಕ್ಕಸು ಇದ್ದರೆ ನಾಲ್ಕು ಜನ ಅತಿಥಿಗಳು. ಹದಿನೈದು ಮನೆ ಸಿಕ್ಕವು, ಅರವತ್ತು ಜನ. ಅರವತ್ತೊಂದನೆಯವರು ಶಾಸಕರ ಸಂಬಂಧಿ ಅಂದರೂ 'ಮುಂದಿನ ವರ್ಷ ಬನ್ನಿ' ಅನ್ನಬೇಕು.

ಅತಿಥಿಗೆ ಕೊಡುವ ಕೋಣೆಗೆ ಒಳಗಿನಿಂದ ಚಿಲಕ ಇರಬೇಕು. ಬರೀ ಹೆಂಗಸರು ಬಂದರೆ ಹೆಂಗಸರೇ ಜಾಸ್ತಿ ಇರುವ ಮನೆಗೆ ಕಳಿಸಿ. ಸ್ನಾನಕ್ಕೆ ಹಂಡೆ ನೀರು ಸಾಕು, ಗೀಸರ್ ಬೇಕಿಲ್ಲ. ಸೌದೆ ಒಲೆಯ ಹಂಡೆ ನೀರಿನ ಹೊಗೆ ವಾಸನೆಯನ್ನು ನಮ್ಮಲ್ಲಿಗೆ ಬಂದ ಒಬ್ಬರು ಊರಿಗೆ ಹೋಗಿ ಹತ್ತು ಜನಕ್ಕೆ ವರ್ಣಿಸಿದ್ದಾರೆ. ಸೊಳ್ಳೆಪರದೆ ಮಾತ್ರ ಮರೆಯಬೇಡಿ. ಗದ್ದೆ ಬಯಲಿನ ಸೊಳ್ಳೆ ಪೇಟೆ ಸೊಳ್ಳೆ ಥರ ಅಲ್ಲ.

ವರ್ಷಕ್ಕೆ ಒಂದು ರಾತ್ರಿ ಮಾತ್ರ ಅಂತ ಇದ್ದಿದ್ದು ಮುಂದೆ ವಾರಕ್ಕೊಮ್ಮೆ ಆಗುವ ಹಾಗಿದ್ದರೆ, ಅಂಥ ಮನೆಯವರು ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಅಂತ ನೋಂದಾಯಿಸಿಕೊಳ್ಳಲಿ.

4. ತೋರಿಸುವುದು ಏನು?

ಒಂದು ನೋಟ್‌ಬುಕ್ ಹಿಡಿದು ಊರನ್ನು ಸುಮ್ನೆ ಒಂದು ಸುತ್ತು ಹಾಕಿ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಯಾರು ಏನು ಮಾಡುತ್ತಾರೆ ಬರೆದುಕೊಳ್ಳಿ. ಹಾಲಿನ ಡೇರಿಗೆ ಕ್ಯಾನ್ ಹೊತ್ತು ಸಾಲು ನಿಲ್ಲುವುದು, ರೇಷ್ಮೆ ಮನೆಯಲ್ಲಿ ಹುಳುಗಳು ಸೊಪ್ಪು ತಿನ್ನುವ ಮಳೆ ಹನಿದಂಥ ಸದ್ದು, ಗದ್ದೆಗೆ ನೀರು ಕಟ್ಟುವುದು. ನಮಗೆ ಇದೆಲ್ಲ ಏನೂ ಅಲ್ಲ. ಅವರಿಗೆ ಎಲ್ಲವೂ ಹೊಸದು.

ಆಲೆಮನೆಗೆ ಮಾತ್ರ ಅರ್ಧ ದಿನ ಮೀಸಲಿಡಿ. ಮಂಡ್ಯ ಅಂದರೆ ಕಬ್ಬು, ಕಬ್ಬು ಅಂದರೆ ಬೆಲ್ಲ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆಯೇ ಈ ಬಯಲಿನಲ್ಲಿ ಕಬ್ಬು ಎದ್ದಿದ್ದು, 1933ರಲ್ಲಿ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಬಂದಿದ್ದು. ಈ ಕಥೆಯನ್ನು ಆಲೆಮನೆ ಮುಂದೆ ನಿಂತು ಎರಡು ನಿಮಿಷ ಹೇಳಿ, ಸಾಕು. ಉಳಿದಿದ್ದನ್ನು ಕೊಪ್ಪರಿಗೆಯೇ ಹೇಳುತ್ತದೆ. ಗಾಣಕ್ಕೆ ಕಬ್ಬು ಕೊಡುವುದು, ಕಬ್ಬಿನ ಹಾಲು ಕೊಪ್ಪರಿಗೆಗೆ ಇಳಿಯುವುದು, ಒಣಗಿದ ರಚ್ಚನ್ನೇ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ, ಒಲೆಗೆ ತುಂಬುವುದು, ಕೊಳೆ ತೆಗೆಯುವುದು, ಪಾಕ ಬಂತೋ ಇಲ್ಲವೋ ಅಂತ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಉಂಡೆ ಕಟ್ಟಿ ನೋಡುವುದು, ಕೊನೆಗೆ ಅಚ್ಚಿಗೆ ಸುರಿಯುವುದು. ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿನ ತುದಿಗೆ ಅಂಟಿಸಿ ಕೊಟ್ಟರೆ ದೊಡ್ಡವರೂ ಮಕ್ಕಳಾಗುತ್ತಾರೆ.

ಇಲ್ಲಿ ಒಂದು ಒಳ್ಳೆಯ ಪಾಠವೂ ಇದೆ. ಬಂದವರೆಲ್ಲ ಹೊಂಬಣ್ಣದ ಬೆಲ್ಲವೇ ಒಳ್ಳೆಯದು ಅಂದುಕೊಂಡಿರುತ್ತಾರೆ. ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿದರೆ ಬೆಲ್ಲದ ಬಣ್ಣ ತಿಳಿಯಾಗುತ್ತದೆ, ಹಾಕದಿದ್ದರೆ ಕಂದಾಗಿಯೇ ಇರುತ್ತದೆ. ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ ಕೊಳೆ ತೆಗೆಯುವ ಹಳೇ ಕ್ರಮವನ್ನು ಅವರ ಕಣ್ಣೆದುರೇ ತೋರಿಸಿ. ಆಮೇಲೆ ಕಂದು ಬೆಲ್ಲವನ್ನು ಅವರೇ ಕೇಳಿ ಕೊಳ್ಳುತ್ತಾರೆ.

ಆದರೆ ಆಲೆಮನೆ ಆಟದ ಜಾಗ ಅಲ್ಲ. ಕುದಿಯುವ ಪಾಕ ಮೈಮೇಲೆ ಬಿದ್ದರೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಗಾಣ ಕೈ ಎಳೆದುಕೊಳ್ಳುತ್ತದೆ. ಕೊಪ್ಪರಿಗೆಯಿಂದ ಎರಡು ಮಾರು ದೂರಕ್ಕೆ ಹಗ್ಗ ಕಟ್ಟಿ. ಗಾಣದ ಹತ್ತಿರ ಸೀರೆ ಸೆರಗು, ದುಪಟ್ಟಾ, ಬಿಚ್ಚು ಕೂದಲು ಬೇಡ. ಒಮ್ಮೆಗೆ ಹದಿನೈದು ಜನರಿಗಿಂತ ಜಾಸ್ತಿ ಬಿಡಬೇಡಿ. ಆಲೆಮನೆಯವರಿಗೆ ಅರ್ಧ ದಿನದ ಕೆಲಸ ಕೆಡುತ್ತದೆ ಅನ್ನುವುದು ನೆನಪಿರಲಿ. 'ನಮ್ಮೋರೇ ಅಲ್ವಾ' ಅಂತ ಬಿಟ್ಟಿ ಮಾಡಿಸಬೇಡಿ, ಅದಕ್ಕೆ ದುಡ್ಡು ಕೊಡಿ.

ಇನ್ನು ಕಿಚ್ಚು. ಬೆಳಿಗ್ಗೆ ದನಗಳ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟುವಾಗಲೇ ಅತಿಥಿಗಳನ್ನು ಸೇರಿಸಿಕೊಳ್ಳಿ. ಅವರವರು ಇಳಿದುಕೊಂಡ ಮನೆಯ ದನಕ್ಕೆ ಅವರೇ ಬಣ್ಣ ಹಚ್ಚಲಿ. ಸಂಜೆ ಆ ದನ ಕಿಚ್ಚು ಹಾಯುವಾಗ 'ನಮ್ಮದು ಬಂತು, ನಮ್ಮದು ಬಂತು' ಅಂತ ಕೂಗುವುದನ್ನು ನೋಡಬೇಕು! ಯಾಕೆ ಹಾಯಿಸುತ್ತೀರಿ ಅಂತ ಕೇಳೇ ಕೇಳುತ್ತಾರೆ. ಮೈಮೇಲಿನ ಉಣುಗು ಉದುರುತ್ತದೆ, ದೃಷ್ಟಿ ಹೋಗುತ್ತದೆ ಅಂತ ಹಿರಿಯರು ಹೇಳುವುದನ್ನು ಹಾಗೇ ಹೇಳಿ. ವಿಜ್ಞಾನದ ಬಣ್ಣ ಬಳಿಯಲು ಹೋಗಬೇಡಿ.

ಹುಲ್ಲಿನ ಕಿಚ್ಚು ಮೊಣಕಾಲಿನ ಮಟ್ಟ ದಾಟಬಾರದು. ಜಾಸ್ತಿ ಜನ ನೋಡುತ್ತಿದ್ದಾರೆ ಅಂತ ನಮ್ಮ ಹುಡುಗರು ಒಂದು ವರ್ಷ ಹುಲ್ಲು ಪೇರಿಸಿಬಿಟ್ಟಿದ್ದರು. ಒಂದು ಹೋರಿ ಹೆದರಿ ಹಗ್ಗ ಕಿತ್ತುಕೊಂಡು ಜನರ ಕಡೆಗೇ ತಿರುಗಿತು. ಯಾರಿಗೂ ಏನೂ ಆಗಲಿಲ್ಲ, ಮಾದಪ್ಪ ಕಾಪಾಡಿದ. ಅವತ್ತಿನಿಂದ ನಮ್ಮ ಕಟ್ಟಳೆ ಇಷ್ಟು: ನೋಡುವವರು ಒಂದೇ ಬದಿಗೆ, ಬೊಂಬಿನ ತಡೆಯ ಹಿಂದೆ. ದನ ಓಡಿಹೋಗುವ ದಿಕ್ಕು ಪೂರ್ತಿ ಖಾಲಿ. ಡ್ರೋನ್ ಇಲ್ಲ, ಕ್ಯಾಮೆರಾ ಫ್ಲ್ಯಾಶ್ ಇಲ್ಲ, ಪಟಾಕಿ ಇಲ್ಲ. ಬೆದರುವ ದನ, ಗಬ್ಬದ ಹಸು, ಎಳೆಗರು ಕೊಟ್ಟಿಗೆಯಲ್ಲೇ ಇರಲಿ. ಪಕ್ಕದಲ್ಲಿ ತುಂಬಿದ ನೀರಿನ ಟ್ಯಾಂಕರ್ ನಿಂತಿರಬೇಕು. ಹುಲ್ಲಿನ ಮೆದೆ ಇರುವ ಕಡೆ ಕಿಚ್ಚು ಬೇಡವೇ ಬೇಡ.

5. ರಾತ್ರಿಯ ಕುಣಿತ, ನಾಟಕ

ಹತ್ತು ಕಲಾತಂಡ ಕರೆಸಿ ಒಂದೊಂದಕ್ಕೂ ಐದು ನಿಮಿಷ ಕೊಡುವುದು ಮೆರವಣಿಗೆಗೆ ಸರಿ, ಹಳ್ಳಿ ರಾತ್ರಿಗಲ್ಲ. ಒಂದೋ ಎರಡೋ ತಂಡ ಸಾಕು. ಹತ್ತಿರದ ಊರಿನವರಾದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಪೂಜಾ ಕುಣಿತ ಇದೆ. ದೇವಿಯ ಮುಖ, ಬಣ್ಣದ ಸೀರೆ ಕಟ್ಟಿದ ಎತ್ತರದ ಬಿದಿರಿನ ಚೌಕಟ್ಟನ್ನು ತಲೆ ಮೇಲೆ ಹೊತ್ತು, ಕೈ ಬಿಟ್ಟು, ತಮಟೆ ಏಟಿಗೆ ಕುಣಿಯುತ್ತಾರೆ. ಮಲೆ ಮಾದಪ್ಪನ ಒಕ್ಕಲಿನ ದೇವರಗುಡ್ಡರು ಇದ್ದರೆ ಕಂಚಿನ ತಾಳ ಹಿಡಿದು ಕುಣಿಯುವ ಕಂಸಾಳೆ ಇದೆ. ಮಂಟೇಸ್ವಾಮಿ ಒಕ್ಕಲಿನ ಹಾಡುಗಾರರಾದ ನೀಲಗಾರರು ಸಿಕ್ಕರೆ ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಸೋಬಾನೆ ಹಾಡುವ ಅಜ್ಜಿಯರಂತೂ ನಿಮ್ಮ ಬೀದಿಯಲ್ಲೇ ಇದ್ದಾರೆ, ನೀವು ಕೇಳಿಲ್ಲ ಅಷ್ಟೆ.

ಬಂದವರಿಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಯಾವುದು ಅಂದರೆ ಕುರುಕ್ಷೇತ್ರ ನಾಟಕ. ಮಂಡ್ಯದ ಹಳ್ಳಿಗಳಲ್ಲಿ ಪಾತ್ರ ಮಾಡುವವನೇ ಕೈಯಿಂದ ದುಡ್ಡು ಹಾಕುತ್ತಾನೆ ಅಂದರೆ ಪೇಟೆಯವರು ನಂಬುವುದಿಲ್ಲ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಜಾಸ್ತಿ, ಸೈನಿಕನಿಗೆ ಕಡಿಮೆ. ಹಗಲು ಟ್ರ್ಯಾಕ್ಟರ್ ಓಡಿಸುವವನು ರಾತ್ರಿ ಕಿರೀಟ ಹಾಕಿಕೊಂಡು ಕಂದಪದ್ಯ ಎತ್ತುತ್ತಾನೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಬೈಸಿಕೊಂಡು ಕಲಿತಿರುತ್ತಾನೆ. ಹಾಗಾಗಿ ನಾಟಕ ಮಾತ್ರ ತೋರಿಸಬೇಡಿ. ಸಂಜೆ ಬಣ್ಣ ಹಚ್ಚುವ ಕೋಣೆಗೂ ನಾಲ್ಕೈದು ಜನರನ್ನು ಸರದಿ ಮೇಲೆ ಕಳಿಸಿ.

ಬೆಳಗಾಗುವ ತನಕ ನಾಟಕ ಆಡುವುದು ನಮ್ಮ ರೂಢಿ. ಆದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು ಕಾನೂನು. ನಾವು ಕಂಡುಕೊಂಡ ದಾರಿ ಅಂದರೆ ಏಳು ಗಂಟೆಗೇ ಪರದೆ ಎತ್ತುವುದು, ಎರಡು ಮೂರು ಒಳ್ಳೆಯ ದೃಶ್ಯ ಮಾತ್ರ ಆಡುವುದು, ಹತ್ತಕ್ಕೆ ಮೈಕ್ ಆಫ್. ಆಮೇಲೆ ಸೌದೆ ಬೆಂಕಿಯ ಸುತ್ತ ಕೂತು ಮೈಕ್ ಇಲ್ಲದೆ ಸೋಬಾನೆ. ನಿಜ ಹೇಳಬೇಕೆಂದರೆ ಮೈಕ್ ಇಲ್ಲದ್ದೇ ಚೆನ್ನಾಗಿರುತ್ತದೆ.

6. ಊಟ

ಕ್ಯಾಟರಿಂಗ್‌ನವರಿಗೆ ಕೊಡಬೇಡಿ. ಒಂದು ವರ್ಷ ಸುಲಭ ಆಗಲಿ ಅಂತ ಕೊಟ್ಟೆವು. ಗೋಬಿ ಮಂಚೂರಿ, ಜಾಮೂನು, ತರಕಾರಿ ಪಲಾವ್ ಬಂತು. ಬೆಂಗಳೂರಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದು ಮತ್ತೆ ಗೋಬಿ ಮಂಚೂರಿ ತಿನ್ನಬೇಕಾ ಪಾಪ?

ಮನೆ ಊಟವೇ ಇರಲಿ. ಸಂಕ್ರಾಂತಿ ದಿನ ಎಳ್ಳುಬೆಲ್ಲ, ಸಿಹಿ ಪೊಂಗಲು, ಬೇಯಿಸಿದ ಗೆಣಸು, ಕಡಲೆಕಾಯಿ, ಅವರೆಕಾಯಿ. ರಾತ್ರಿಗೆ ಮುದ್ದೆ, ಹಿತಕಬೇಳೆ ಸಾರು. ಬೆಳಿಗ್ಗೆ ಒತ್ತುಶ್ಯಾವಿಗೆ, ಕಾಯಿಹಾಲು. ಶ್ಯಾವಿಗೆ ಒರಳಿನ ಮೇಲೆ ಕೂತು ಒತ್ತುವ ಕೆಲಸ ಅತಿಥಿಗಳಿಗೇ ಬಿಡಿ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಮೊದಲೇ ಹೇಳಿಕೊಡಿ. ಇಲ್ಲದಿದ್ದರೆ ಅರ್ಧ ಗಂಟೆ ಒಂದೇ ತುತ್ತು ಅಗಿಯುತ್ತಾ ಕೂತಿರುತ್ತಾರೆ.

ಬಾಡೂಟದ ಪ್ರಶ್ನೆ ಬಂದೇ ಬರುತ್ತದೆ. ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲೂ ಬಾಡೂಟ ಬೇಕು ಅನ್ನುವ ಕೂಗು ಎದ್ದಿತ್ತಲ್ಲ, ಅಂಥ ಜಿಲ್ಲೆ ನಮ್ಮದು. ಹಬ್ಬದ ದಿನ ಎಲ್ಲರಿಗೂ ಸಸ್ಯಾಹಾರ, ಮಾರನೆ ದಿನ ಮಧ್ಯಾಹ್ನ ತಿನ್ನುವವರಿಗೆ ನಾಟಿಕೋಳಿ ಸಾರು ಅಂತ ಮಾಡಿಕೊಂಡಿದ್ದೇವೆ. ಹೆಸರು ಬರೆಸುವಾಗಲೇ ಯಾರು ಏನು ತಿನ್ನುತ್ತಾರೆ ಕೇಳಿ ಬರೆದುಕೊಂಡರೆ ಗೊಂದಲ ಇಲ್ಲ.

ಒಟ್ಟಿಗೆ ಅಡುಗೆ ಮಾಡುವ ಹೊತ್ತಿದ್ದರೆ, ಅಡುಗೆ ಮನೆಗೆ ಇಬ್ಬರು ಜವಾಬ್ದಾರರು, ಒಂದು ಬೀಗ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದಕ್ಕೆ ವಿಷ ಬೆರೆತು ಎಷ್ಟು ಜನ ಹೋದರು ಅನ್ನುವುದು ಈ ಕಡೆಯವರು ಯಾರೂ ಮರೆತಿಲ್ಲ. ಕುಡಿಯುವ ನೀರು ಶುದ್ಧ ನೀರಿನ ಘಟಕದಿಂದಲೇ ಬರಲಿ. ಊಟ, ತಿಂಡಿ ಮಾರುವ ಅಂಗಡಿ ಇಡುವವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಊಟಕ್ಕೆ ಬಾಳೆ ಎಲೆ ಅಥವಾ ಸ್ಟೀಲ್ ತಟ್ಟೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ 2022ರ ಜುಲೈನಿಂದ ದೇಶದಲ್ಲೇ ನಿಷೇಧ.

7. ಕಾಗದ ಪತ್ರ, ರಸ್ತೆ, ನಾಲೆ

ಬೇಸರದ ಕೆಲಸ, ಆದರೂ ಒಂದು ತಿಂಗಳ ಮುಂಚೆ ಮುಗಿಸಿ. ಗ್ರಾಮ ಪಂಚಾಯಿತಿಗೆ ಅರ್ಜಿ, ಪೊಲೀಸ್ ಠಾಣೆಯಲ್ಲಿ ಕಾರ್ಯಕ್ರಮಕ್ಕೂ ಮೈಕ್‌ಗೂ ಅನುಮತಿ, ವಿದ್ಯುತ್ ಕಂಪನಿ ಸೆಸ್ಕ್‌ನಿಂದ ತಾತ್ಕಾಲಿಕ ಕರೆಂಟು. ಕಂಬದಿಂದ ನೇರವಾಗಿ ಕೊಕ್ಕೆ ಹಾಕುವ ಹಳೇ ಚಾಳಿ ಬಿಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಮಾತು ತಿಳಿಸಿರಿ, 108 ಆಂಬುಲೆನ್ಸ್ ಒಳಗೆ ಬರುವಷ್ಟು ಬೀದಿ ಖಾಲಿ ಇಡಿ. ಫ್ಲೆಕ್ಸ್ ಬೇಡ, ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಬರೆಸಿ. ಅದೇ ಚೆನ್ನಾಗಿ ಕಾಣುತ್ತದೆ.

ನಾಲೆ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. 2018ರ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ನಾಲೆ ಏರಿ ಮೇಲೆ ಒಂದು ಕಾರನ್ನೂ ನಿಲ್ಲಿಸಲು ಬಿಡಬೇಡಿ. ಪೇಟೆ ಮಕ್ಕಳಿಗೆ ನಾಲೆ ನೀರು ಸಪೂರವಾಗಿ, ಸಾಧುವಾಗಿ ಕಾಣುತ್ತದೆ. ಇಳಿದ ಮೇಲೆ ಸೆಳೆತ ಗೊತ್ತಾಗುವುದು, ಹತ್ತಲು ಹೋದರೆ ಕಾಂಕ್ರೀಟು ಜಾರುತ್ತದೆ. ನಾಲೆ ದಾರಿಯಲ್ಲಿ ಊರಿನ ಇಬ್ಬರು ಈಜುಗಾರರನ್ನು ಹಗ್ಗದ ಜೊತೆ ದಿನವಿಡೀ ಕೂರಿಸಿ, ಕೂಲಿ ಕೊಡಿ.

ದಾರಿ ಹೇಳುವಾಗ ಪೂರ್ತಿ ಹೇಳಿ. ರೈಲಿನಲ್ಲಿ ಬರುವವರಿಗೆ ಮಂಡ್ಯ, ಪಾಂಡವಪುರ ನಿಲ್ದಾಣ ಇವೆ. ಬೈಕಿನವರಿಗೆ ಮಾತ್ರ ಮುಂಚೆಯೇ ತಿಳಿಸಿ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ನಿಲ್ದಾಣದಿಂದ ಊರಿಗೆ ಊರಿನದೇ ಎರಡು ಆಟೊ ಗೊತ್ತು ಮಾಡಿ, ದರ ಮೊದಲೇ ಬರೆದು ಹಾಕಿ.

8. ದುಡ್ಡು

ಇಲ್ಲಿ ಮುಚ್ಚುಮರೆ ಮಾಡಿದ ಊರುಗಳೆಲ್ಲ ಎರಡನೇ ವರ್ಷಕ್ಕೇ ಜಗಳ ಆಡಿಕೊಂಡಿವೆ. ಒಂದು ಮಾದರಿ ಲೆಕ್ಕ ಕೊಡುತ್ತೇನೆ, ನಿಮ್ಮ ಊರಿಗೆ ತಕ್ಕ ಹಾಗೆ ತಿದ್ದಿಕೊಳ್ಳಿ.

ಒಬ್ಬರಿಗೆ 1,800 ರೂಪಾಯಿ, ಅರವತ್ತು ಜನ, ಒಟ್ಟು 1,08,000. ಇದರಲ್ಲಿ ತಲೆಗೆ 780 ರೂಪಾಯಿಯ ಹಾಗೆ ಇಳಿಸಿಕೊಂಡ ಮನೆಗಳಿಗೆ, ನಾಲ್ಕು ಹೊತ್ತಿನ ಊಟ ತಿಂಡಿ, ಮಲಗುವುದು ಸೇರಿ: 46,800. ಕಲಾವಿದರಿಗೆ 25,000. ಆಲೆಮನೆಗೆ 6,000. ಎತ್ತಿನಗಾಡಿ, ಕಾವಲು, ಗುಡಿಸಿ ತೊಳೆಯುವವರ ಕೂಲಿಗೆ 10,000. ದೀಪ, ಮೈಕ್, ನೀರಿನ ಟ್ಯಾಂಕರ್‌ಗೆ 9,000. ಉಳಿದ 11,200 ಕೈಮೀರಿದ ಖರ್ಚಿಗೆ. ಅದರಲ್ಲೂ ಮಿಕ್ಕರೆ ಶಾಲೆಗೋ ಕೆರೆಗೋ, ಅದು ಊರು ಹೇಳಿದಂತೆ.

ಮನೆಯವರ ದುಡ್ಡು ಆ ಮನೆಯ ಹೆಂಗಸಿನ ಖಾತೆಗೇ ಹೋಗಬೇಕು. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾ? ಮುಂಗಡ ಅರ್ಧ ತೆಗೆದುಕೊಳ್ಳಿ. ಬರುತ್ತೇವೆ ಅಂತ ಬಾಯಲ್ಲಿ ಹೇಳಿದ ಇಪ್ಪತ್ತು ಜನರಲ್ಲಿ ಒಂಬತ್ತು ಜನ ಬರಲಿಲ್ಲ ಒಂದು ವರ್ಷ. ಬೆಂದ ಗೆಣಸು ದನಕ್ಕೆ ಹಾಕಿದೆವು.

ಪ್ರಾಯೋಜಕರು ಬರುತ್ತಾರೆ. ತೆಗೆದುಕೊಳ್ಳಿ, ಆದರೆ ಅವರ ಬ್ಯಾನರು ದನದ ಮೈಮೇಲೆ, ಗುಡಿ ಮುಂದೆ ಬೇಡ.

9. ಕರೆಯೋಲೆ

'ಅಪ್ಪಟ ಗ್ರಾಮೀಣ ಸೊಗಡಿನ ಅನುಭವ' ಅಂತೆಲ್ಲ ಬರೆಯಬೇಡಿ. ಏನು ಇದೆ, ಏನು ಇಲ್ಲ, ಎರಡನ್ನೂ ಬರೆಯಿರಿ. ನಾವು ಕಳಿಸುವ ಸಂದೇಶದಲ್ಲಿ ಹೀಗಿರುತ್ತದೆ: 'ಎಸಿ ಇಲ್ಲ. ಫೋನ್ ಸಿಗ್ನಲ್ ಒಂದೊಂದು ಸಲ ಸಿಗುತ್ತದೆ. ಕೋಳಿ ನಾಲ್ಕೂವರೆಗೆ ಕೂಗುತ್ತದೆ. ಚಪ್ಪಲಿ ಹೊರಗೆ ಬಿಡಬೇಕು. ಕುಡಿದು ಬಂದರೆ ವಾಪಸ್ ಕಳಿಸುತ್ತೇವೆ. ಯಾರ ಫೋಟೊ ತೆಗೆಯುವ ಮುಂಚೆಯೂ ಕೇಳಿ.' ಇದನ್ನು ಓದಿಯೂ ಬರುವವರು ಒಳ್ಳೆಯ ಅತಿಥಿಗಳು.

ಎರಡನೇ ದಿನ ಮಧ್ಯಾಹ್ನ ಊಟ ಮಾಡಿಸಿ ಕಳಿಸುವಾಗ ಹತ್ತಿರದ ಜಾಗಗಳ ಒಂದು ಚೀಟಿ ಕೈಗಿಡಿ. ಹೆಸರಾದ ಜಾಗಗಳನ್ನು ಅವರೇ ಹುಡುಕಿಕೊಳ್ಳುತ್ತಾರೆ. ನೀವು ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿ, ಬಸರಾಳು ಮಲ್ಲಿಕಾರ್ಜುನ ಗುಡಿ, ಕಂಬದಹಳ್ಳಿ ಬಸದಿ ಬರೆದುಕೊಡಿ. ಹೊಯ್ಸಳರ ಗುಡಿ ಅಂದರೆ ಬೇಲೂರು, ಹಳೇಬೀಡು, ಸೋಮನಾಥಪುರ ಅಷ್ಟೇ ಅಂದುಕೊಂಡವರು ಹೊಸಹೊಳಲಿನ ಗೋಡೆ ನೋಡಿ ಸುಮ್ಮನಾಗುತ್ತಾರೆ. ಮದ್ದೂರು ಕಡೆಗೆ ಹೋಗುವವರಿಗೆ ಕೊಕ್ಕರೆ ಬೆಳ್ಳೂರು. ಊರಿನ ಹುಣಸೆ ಮರಗಳಲ್ಲೇ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮನೆಮಕ್ಕಳ ಥರ ನೋಡಿಕೊಳ್ಳುತ್ತಾರೆ.

ಹೊರಡುವ ಮುಂಚೆ ಅರಳಿಕಟ್ಟೆ ಹತ್ತಿರ ಒಂದು ಗಂಟೆ ಸಂತೆ ಇಡಿ. ಬೆಲ್ಲ, ರಾಗಿಹಿಟ್ಟು, ಹುಚ್ಚೆಳ್ಳು, ಅವರೆಕಾಳು, ಬೆಣ್ಣೆ. ಪ್ರತಿ ಪೊಟ್ಟಣದ ಮೇಲೂ ಬೆಳೆದವರ ಫೋನ್ ನಂಬರು ಇರಲಿ. ನಮ್ಮೂರಿನ ಒಬ್ಬ ಬೆಲ್ಲದವರಿಗೆ ಹಬ್ಬದ ದಿನ ಸಿಕ್ಕಿದ್ದಕ್ಕಿಂತ ಆಮೇಲೆ ವರ್ಷವಿಡೀ ಫೋನಿನಲ್ಲಿ ಬಂದ ಆರ್ಡರೇ ಜಾಸ್ತಿ.

10. ಎಲ್ಲರೂ ಹೋದ ಮೇಲೆ

ಅವತ್ತೇ ಸಂಜೆ ಬೀದಿ ಗುಡಿಸಿ, ಕಿಚ್ಚಿನ ಬೂದಿ ಗದ್ದೆಗೆ ಹಾಕಿ. ಮೂರು ದಿನದೊಳಗೆ ಅರಳಿಕಟ್ಟೆಯಲ್ಲಿ ಲೆಕ್ಕ ಓದಿ. ಮೊತ್ತ ಮಾತ್ರ ಅಲ್ಲ, ಒಂದೊಂದು ರಸೀದಿಯನ್ನೂ ಜೋರಾಗಿ. 'ಟೀ ಪುಡಿ 340' ಅಂದಾಗ 'ಅಷ್ಟು ಯಾಕಾಯ್ತು?' ಅಂತ ಒಬ್ಬರು ಕೇಳುತ್ತಾರೆ. ಕೇಳಲಿ. ಹೋರಿ ಬೆದರಿದ್ದು, ಸಾರಿಗೆ ಉಪ್ಪು ಜಾಸ್ತಿ ಆಗಿದ್ದು, ಒಬ್ಬ ಅತಿಥಿ ಊರಿನ ಹುಡುಗಿಯೊಬ್ಬಳ ಫೋಟೊವನ್ನು ಕೇಳದೆ ತೆಗೆದಿದ್ದು, ಎಲ್ಲ ಅಲ್ಲೇ ಮಾತಾಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷದ ಸಭೆಗೆ ಅದೇ ಪುಸ್ತಕ ಬೇಕು.

ಹಾಂ, ಪಾತ್ರೆಗಳು. ಹದಿನೈದು ಮನೆಯ ತಟ್ಟೆ, ಲೋಟ, ಚಾಪೆ, ಕಂಬಳಿ ಎಲ್ಲ ಬೆರೆತುಹೋಗಿರುತ್ತವೆ. ತರುವ ದಿನವೇ ಪ್ರತಿಯೊಂದರ ತಳಕ್ಕೂ ಉಗುರು ಬಣ್ಣದಲ್ಲಿ ಮನೆಯ ಗುರುತು ಹಾಕಿಬಿಡಿ. ನಮ್ಮಲ್ಲಿ ಮೊದಲ ವರ್ಷದ ಒಂದು ಹಿತ್ತಾಳೆ ಚೊಂಬು ಈಗಲೂ ಸಮಿತಿಯವರ ಹತ್ತಿರವೇ ಇದೆ. ಮೂರು ಮನೆಯವರು ಅದು ನಮ್ಮದು ಅನ್ನುತ್ತಾರೆ.